ಅಕ್ಕ ಎದ್ದಾಗ ಮಲಗಿರುವ ಊರು

ಪರದೇಶಕ್ಕೆ ಹೋಗಿ ಒಂದು ಸೆಮಿಸ್ಟರ್ ಓದಿ ಬರುವ ಅವಕಾಶ ಸಿಕ್ಕಾಗ ನಾನು ಹೈದರಾಬಾದಿನಲ್ಲಿ ಭೂವಿಜ್ಞಾನದ ಎಂ.ಎಸ್‌ಸಿ. ಓದುತ್ತಿದ್ದೆ. ಮಲೇಷ್ಯಾ ಇಲ್ಲವೇ ಪೋರ್ಚುಗಲ್, ಎರಡರಲ್ಲಿ ಒಂದನ್ನು ಆರಿಸಿ ತಿಳಿಸು ಎಂದರು ನಮ್ಮ ಪ್ರೊಫೆಸರ್. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ನಮ್ಮೂರು ವಾಡಿಯ ರೈಲು ಹತ್ತಿದೆ. ಸೇಡಂ ದಾಟಿ ಚಿತ್ತಾಪುರ ಬರುವವರೆಗೂ ಮನಸ್ಸಿನಲ್ಲಿ ಇದ್ದದ್ದು ಮಲೇಷ್ಯಾವೇ. ಕಾರಣ, ನನ್ನ ಅಕ್ಕ.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಶಾಲೆಯನ್ನು ಬೇಗ ಬಿಟ್ಟು ಅವಳು ಮನೆಯಲ್ಲೇ ಹೊಲಿಗೆ ಕೆಲಸ ಹಿಡಿದಳು. ನಮ್ಮ ಸನ್ನೆಗಳನ್ನೆಲ್ಲ ಆಡುತ್ತ ಆಡುತ್ತ ಕಟ್ಟಿಕೊಂಡವರು ನಾವಿಬ್ಬರೇ. ಬಾವುಟ ಬೀಸಿದಂತೆ ಕೈ ಮಾಡಿದರೆ ರೈಲ್ವೆಯಲ್ಲಿ ಕೆಲಸ ಮಾಡುವ ಅಪ್ಪ. ಮೂಗಿನ ಪಕ್ಕ ಬೆರಳಿಟ್ಟರೆ ಅವ್ವ. ಊಟ, ನೀರು, ಬಾ, ಹೋಗು ಇಷ್ಟು ಮನೆಯವರಿಗೆಲ್ಲ ತಿಳಿಯುತ್ತಿತ್ತು. ಉಳಿದದ್ದೆಲ್ಲ ನನ್ನ ಮೂಲಕ. ಕುಪ್ಪಸ ಹೊಲಿಸಲು ಬಂದವರ ತಕರಾರನ್ನು ಅವಳಿಗೆ, ಅವಳ ಹೊಟ್ಟೆನೋವನ್ನು ಡಾಕ್ಟರಿಗೆ ತಿಳಿಸುತ್ತಿದ್ದವಳು ನಾನೇ. ಹೈದರಾಬಾದಿಗೆ ಹೋದ ಮೇಲೂ ದಿನಾ ಸಂಜೆ ವಿಡಿಯೋ ಕಾಲ್ ಮಾಡಿ ಅವಳ ಮಾತನ್ನು ಅವ್ವನಿಗೂ ಅವ್ವನ ಮಾತನ್ನು ಅವಳಿಗೂ ದಾಟಿಸುತ್ತಿದ್ದೆ.

ಮಲೇಷ್ಯಾದಲ್ಲಾದರೆ ಆ ಹೊತ್ತಿಗೆ ನಾನು ಕೋಣೆಯಲ್ಲಿರುತ್ತಿದ್ದೆ. ಪೋರ್ಚುಗಲ್ಲಿನಲ್ಲಾದರೆ ತರಗತಿಯಲ್ಲಿ.

“ಓದು ಎಲ್ಲಿ ಚಲೋ ಅದ?” ಮನೆ ಮುಟ್ಟಿದ ಮೇಲೆ ಅಪ್ಪ ಕೇಳಿದ.

“ಪೋರ್ಚುಗಲ್‌ದಾಗ,” ಎಂದುಬಿಟ್ಟೆ. “ಅಲ್ಲಿ ಬೀದಿಗೆಲ್ಲ ಸುಣ್ಣಕಲ್ಲೇ ಹಾಸ್ಯಾರ, ನಮ್ಮ ಶಹಾಬಾದ್ ಕಲ್ಲಿನಂಗ. ನಾ ಓದಾಕತ್ತಿದ್ದೂ ಅದೇ ಅಲ್ಲಾ?”

ಅದೇನೂ ಸುಳ್ಳಲ್ಲ. ಆದರೆ ಮಲೇಷ್ಯಾದಲ್ಲೂ ಸುಣ್ಣಕಲ್ಲಿನ ಗುಡ್ಡಗಳಿವೆ. ಅದನ್ನು ನಾನು ಹೇಳಲಿಲ್ಲ. ಕೆಲವು ತಿಂಗಳಾದರೂ ಯಾರ ಬಾಯಿಯೂ ಆಗದೆ ಇರಬೇಕು ಅನ್ನಿಸಿತ್ತು.

ಅಕ್ಕನಿಗೆ ಮೊಬೈಲಿನಲ್ಲಿ ನಕಾಶೆ ತೋರಿಸಿದೆ. ನಾನು ಎದ್ದಾಗ ನೀನು ಏನು ಮಾಡುತ್ತಿರುತ್ತೀ ಎಂದು ಕೇಳಿದಳು. ನಿದ್ದೆ, ಎಂದೆ. ನಾನು ಹೊಲಿಗೆ ಮುಗಿಸಿದಾಗ? ಪಾಠ, ಎಂದೆ. ನಕಾಶೆಯ ಮೇಲೆ ವಾಡಿಯಿಂದ ಪೋರ್ಚುಗಲ್ಲಿನವರೆಗೆ ಬೆರಳು ಎಳೆದಳು. ಆಮೇಲೆ ನಕ್ಕು, ರಟ್ಟೆ ಹಿಡಿದು ಬಾಗಿಲ ಕಡೆ ನೂಕಿದಳು: ಹೋಗು. ಬೇಡ ಎಂದಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಪೋರ್ಚುಗಲ್ಲಿನಲ್ಲಿ ನಾನು ಖುಷಿಯಾಗಿದ್ದೆ. ನನ್ನ ಮಾತು ನನ್ನದಷ್ಟೇ ಆಗಿತ್ತು. ದಿನದ ಕಾಲ್ ವಾರಕ್ಕೊಂದಾಯಿತು.

ಒಂದು ದಿನ ಕಲ್ಲಿನ ಗಣಿಯೊಂದನ್ನು ನೋಡಲು ನಮ್ಮನ್ನು ಕರೆದೊಯ್ದಿದ್ದರು. ಫೋನು ಚೀಲದಲ್ಲಿತ್ತು. ವಾಪಸು ಬರುವಾಗ ನೋಡಿದರೆ ಅಕ್ಕನಿಂದ ಕಾಲ್ ಮೇಲೆ ಕಾಲ್ ಬಂದಿತ್ತು. ಕೊನೆಗೆ ಅವ್ವನ ದನಿ ಸಂದೇಶ: “ಚಿಂಚೋಳಿ ಕಡಿಯಿಂದ ಬೀಗರು ಬಂದಿದ್ರು. ನಿಮ್ಮಕ್ಕನ ಲಗ್ನ ನಕ್ಕಿ ಆಯ್ತು!”

ಊರಲ್ಲಿ ಆಗಲೇ ನಡುರಾತ್ರಿ. ಮರುದಿನ ತರಗತಿ ಬಿಟ್ಟು ವಿಡಿಯೋ ಕಾಲ್ ಮಾಡಿದೆ.

“ಅಕ್ಕನ್ನ ಕೇಳಿದ್ರೇನವ್ವ?”

“ಕೇಳ್ದೇ ಮಾಡ್ತೀವೇನು? ಹುಡುಗನ್ನ ತೋರ್ಸಿ, ಮಾಲಿ ಹಾಕ್ದಂಗ ಮಾಡಿ ಕೇಳಿದ್ವಿ. ಗೋಣ್ ಹಾಕಿದ್ಲು.”

“ಹೆಂಗ ಹಾಕಿದ್ಲು? ಮಾಡಿ ತೋರ್ಸು.”

ಅವ್ವ ಕಣ್ಣು ಮುಚ್ಚಿ ಗದ್ದವನ್ನು ಮೆಲ್ಲಗೆ ತಗ್ಗಿಸಿ ತೋರಿಸಿದಳು. ನಮ್ಮ ಸನ್ನೆಯಲ್ಲಿ ಅದು ಒಪ್ಪಿಗೆಯಲ್ಲ. ನೀವು ಹೇಳಿದ್ದು ತಿಳಿಯಿತು ಎಂದಷ್ಟೇ. ಒಪ್ಪಿಗೆಯಾದರೆ ಅವಳು ಎದೆಯ ಮೇಲೆ ಅಂಗೈ ಇಡುತ್ತಾಳೆ.

ಅಕ್ಕನನ್ನು ಕರೆಸಿ ಕೇಳಿದೆ. ಬೇಡ, ಎಂದಳು. ಅವನು ನನ್ನನ್ನು ನೋಡಲೇ ಇಲ್ಲ, ತನ್ನ ತಾಯಿಯ ಮುಖವನ್ನೇ ನೋಡುತ್ತಿದ್ದ, ಎಂದಳು. ಆಮೇಲೆ ಕೇಳಿದಳು: ನಿನ್ನೆ ನೀನು ಯಾಕೆ ಬರಲಿಲ್ಲ? ಫೋನು ಹಿಡಿದುಕೊಂಡೇ ಅವರ ಮುಂದೆ ಕೂತಿದ್ದೆ.

ಅಪ್ಪ ಚಿಂಚೋಳಿಗೆ ಹೋಗಿ, ತಪ್ಪು ನಮ್ಮದೇ ಎಂದು ಕೈಮುಗಿದು ಸಂಬಂಧ ಬಿಡಿಸಿ ಬಂದ. ನಂಟರು ಆಡಿಕೊಂಡರು. ಅವ್ವ ನನಗೆ ಒಂದೇ ಮಾತು ಹೇಳಿದಳು: “ನೀ ಇದ್ದಿದ್ರ ಹಿಂಗ ಆಗ್ತಿರ್ಲಿಲ್ಲ.”

ಅಂದಿನಿಂದ ಅವ್ವ ಮಧ್ಯಾಹ್ನದ ಹೊತ್ತು ಹೊಲಿಗೆ ಮಷೀನಿನ ಪಕ್ಕ ಕೂತು ಸನ್ನೆ ಕಲಿಯತೊಡಗಿದಳು. ತಪ್ಪಿದರೆ ಅಕ್ಕ ಅವಳ ಕೈಗೆ ಒಂದೇಟು ಹಾಕುತ್ತಾಳಂತೆ. ನಾನು ವಾಪಸು ಬಂದ ದಿನ ಇಬ್ಬರೂ ಸ್ಟೇಷನ್ನಿಗೆ ಬಂದಿದ್ದರು. ಅವ್ವ ನನ್ನತ್ತ ಬೆರಳು ತೋರಿಸಿ ಏನೋ ಹೇಳಿದಳು, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನೆಂದು ನನಗೆ ತಿಳಿಯಲಿಲ್ಲ. ಹೊಸ ಸನ್ನೆಗಳವು.

“ನೀ ಹೋಗಿದ್ದೇ ಭಾಳ ಚಲೋ ಆಯ್ತು ನೋಡು,” ಎನ್ನುತ್ತಾಳೆ ಅವ್ವ ಈಗ. ನಾನು ಹೌದು ಎನ್ನುವುದಿಲ್ಲ. ಅಪರಿಚಿತರ ನಡುವೆ, ನಾನು ಎತ್ತದ ಕಾಲ್ ಮಾಡುತ್ತ ಫೋನು ಕೈಯಲ್ಲಿಟ್ಟುಕೊಂಡು ಕೂತಿದ್ದ ಅಕ್ಕ ಕಣ್ಣಿಗೆ ಬರುತ್ತಾಳೆ. ಅದಕ್ಕಿಂತ ಹೆಚ್ಚು ಚುಚ್ಚುವುದು ಇನ್ನೊಂದು: ಯಾರಾದರೂ ಇವತ್ತು ಮತ್ತೆ ಅದೇ ಎರಡು ದೇಶಗಳನ್ನು ಮುಂದಿಟ್ಟು ಆರಿಸು ಎಂದರೆ, ನಾನು ಮಲೇಷ್ಯಾ ಎನ್ನುತ್ತೇನೆಂಬ ಭರವಸೆ ನನಗಿಲ್ಲ.