ಮೂರನೆಯವರು ಹಾಜರಿದ್ದರೇ?

ಹನ್ನೊಂದು ವರ್ಷಗಳಿಂದ ಅವಳ ಕೆಲಸ ಇನ್ನೊಬ್ಬರ ಕೆಲಸದ ಬಗ್ಗೆ ಕೇಳುವುದು. ವರ್ಷಕ್ಕೊಮ್ಮೆ ಅದೇ ಮನೆ, ಅದೇ ಬಾಗಿಲು, ಅದೇ ಪ್ರಶ್ನೆ. ಕಳೆದ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ? ಮಾಡಿಲ್ಲವಾದರೆ, ಕೆಲಸ ಹುಡುಕಿದಿರಾ? ಹುಡುಕಿಲ್ಲವಾದರೆ, ಯಾಕೆ? ಜನರ ದುಡಿಮೆಯ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದಕ್ಕೆ ಅವಳು ಫಾರಂ ತುಂಬಿ ಕೊಡುತ್ತಾಳೆ. ಆ ಫಾರಂಗಳು ಅಂಕಿಗಳಾಗಿ, ಅಂಕಿಗಳು ವರದಿಯಾಗಿ, ವರದಿ ಸರ್ಕಾರದ ಮೇಜಿಗೆ ಹೋಗಿ, ನಿರುದ್ಯೋಗ ಭತ್ಯೆ ಯಾರಿಗೆ, ಎಷ್ಟು ತಿಂಗಳು ಎಂಬುದು ನಿರ್ಧಾರವಾಗುತ್ತದೆ. ಅವಳು ಹೋಗುವ ಬೀದಿಗಳಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಬಾಗಿಲು ತೆರೆದ ಮಕ್ಕಳು ಒಳಕ್ಕೆ ಓಡಿ, "ಪ್ರಶ್ನೆ ಅಕ್ಕ ಬಂದ್ಳು, ಅಪ್ಪನ್ನ ಎಬ್ಬಿಸಿ" ಎಂದು ಕೂಗುತ್ತವೆ.

ಅವಳು ಕೂತಲ್ಲಿ ಕೂರುವ ಜೀವವಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಲ್ಲುತ್ತಾಳೆ. ಮನೆಯಲ್ಲಿ ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಊಟ ಮುಗಿಸುತ್ತಾಳೆ. "ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯೇನೇ?" ಎಂದು ಅಮ್ಮ ಮಂಚದ ಮೇಲಿಂದಲೇ ಗದರುತ್ತಾಳೆ.

ದಿನದಲ್ಲಿ ಅವಳು ಅಲುಗಾಡದೆ ಇರುವುದು ಒಂದು ಹೊತ್ತಿನಲ್ಲಿ ಮಾತ್ರ. ಪ್ರಶ್ನೆಯನ್ನು ಅಚ್ಚಾದಂತೆ ಓದಬೇಕು, ಓದಿದ ಮೇಲೆ ಹತ್ತು ಸೆಕೆಂಡು ಕಾಯಬೇಕು, ಉತ್ತರಿಸುವವರು ಎಷ್ಟೇ ತಡವರಿಸಿದರೂ ಅವರ ಬಾಯಿಗೆ ಮಾತು ತುರುಕಬಾರದು ಎಂಬುದು ಆ ಕೆಲಸದ ಮೊದಲ ನಿಯಮ. ಆ ಹತ್ತು ಸೆಕೆಂಡು ಅವಳು ಕಲ್ಲಿನಂತೆ ಕೂರುತ್ತಿದ್ದಳು. ಹೊಸದಾಗಿ ಸೇರಿದವರಿಗೆ ಅದನ್ನು ಕಲಿಸುವವಳೂ ಅವಳೇ. "ಬಾಯಿ ಹೊಲ್ಕೊಂಡು ಕೂತ್ಕೊಳ್ಳಿ. ಆರನೇ ಸೆಕೆಂಡಿಗೆ ಸುಳ್ಳು ಬರುತ್ತೆ, ಒಂಬತ್ತಕ್ಕೆ ನಿಜ ಬರುತ್ತೆ" ಎಂದು ಹೇಳಿಕೊಡುತ್ತಿದ್ದಳು.

ಮನೆಯಲ್ಲಿ ಮೂವರು: ಅವಳು, ಅಮ್ಮ, ತಮ್ಮ. ತಮ್ಮ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ವೆಲ್ಡರ್ ಆಗಿದ್ದವನು. ಹದಿನಾಲ್ಕು ತಿಂಗಳ ಹಿಂದೆ ಒಂದು ಮಂಗಳವಾರ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಅದೇ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೊದಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಎರಡನೆಯ ತಿಂಗಳಿಗೆ ಅವಳನ್ನು ಬಿಡಿಸಿದ್ದೂ ಪ್ರಶ್ನೆ ಅಕ್ಕನೇ. "ತಮ್ಮ ಹೇಗೂ ಮನೇಲೇ ಇದ್ದಾನಲ್ಲ" ಎಂದಿದ್ದಳು. ಆ ಮಾತು ಹೇಳಿದ್ದನ್ನು ಆಮೇಲೆ ಮರೆತೇಬಿಟ್ಟಳು.

ಕಳೆದ ವರ್ಷದ ಕೊನೆಗೆ ಕಚೇರಿಯಲ್ಲಿ ಒಂದು ಸಭೆ ನಡೆಯಿತು. ಮೇಲ್ವಿಚಾರಕರು ಗೋಡೆಯ ಮೇಲೆ ಒಂದು ರೇಖಾನಕ್ಷೆ ತೋರಿಸಿದರು. ಇಳಿಜಾರಿನ ಒಂದು ಗೆರೆ. ಮನೆಯವರ ಆಸರೆ ಹೆಚ್ಚಿದಷ್ಟೂ ಕೆಲಸ ಕಳೆದುಕೊಂಡವರು ಹೊಸ ಕೆಲಸ ಹುಡುಕುವುದು ಕಡಿಮೆ, ಎಂದು ಆ ಗೆರೆಯ ಅರ್ಥ. ಅದರ ಹಿಂದಿದ್ದ ಫಾರಂಗಳಲ್ಲಿ ಐದರಲ್ಲೊಂದನ್ನು ಅವಳೇ ತುಂಬಿದ್ದಳು. ಬೇರೆ ಯಾರಾಗಿದ್ದರೂ ಆ ಗೆರೆಯನ್ನು ಕಚೇರಿಯ ಗೋಡೆಯ ಮೇಲೇ ಬಿಟ್ಟು ಬರುತ್ತಿದ್ದರು. ಅವಳು ಅದನ್ನು ಮನೆಗೆ ತಂದಳು.

ಅಂದಿನಿಂದ ತಮ್ಮನಿಗೆ ಆಸರೆ ಕಡಿಮೆ ಮಾಡತೊಡಗಿದಳು. ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟಳು. ಅವನು ಒಗೆದು ಮಡಿಸಿಟ್ಟ ಬಟ್ಟೆಯನ್ನು ಮಾತಿಲ್ಲದೆ ಎತ್ತಿಕೊಂಡು ಹೋದಳು. 'ಕೆಲಸಕ್ಕೆ ಬೇಕಾಗಿದ್ದಾರೆ' ಎಂಬ ಪತ್ರಿಕೆಯ ಪುಟವನ್ನು ಅವನ ಲೋಟದ ಕೆಳಗೆ ಹಾಸಿಟ್ಟಳು. ವಾರಕ್ಕೊಮ್ಮೆ, ಅಚ್ಚಾದ ಪ್ರಶ್ನೆಯಲ್ಲಿ ಬಹುವಚನವೊಂದನ್ನು ಬಿಟ್ಟು, ಕೇಳುತ್ತಿದ್ದಳು.

"ಕಳೆದ ಏಳು ದಿನಗಳಲ್ಲಿ ಕೆಲಸ ಹುಡುಕಿದೆಯಾ?"

"ಇಲ್ಲ."

"ಯಾಕೆ?"

"ಮನಸ್ಸಿಲ್ಲ."

ಕೋಡ್ ಆರು, ಆಸಕ್ತಿ ಇಲ್ಲ, ಎಂದು ಅವಳ ಮನಸ್ಸು ತಾನಾಗಿಯೇ ಬರೆದುಕೊಳ್ಳುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ, ತಮ್ಮನ ಹಳೆಯ ಜೊತೆಗಾರನೊಬ್ಬ ಅವಳನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿದ. ಅವನೀಗ ಗೇಟು, ಕಿಟಕಿ ಮಾಡುವ ಸ್ವಂತ ವರ್ಕ್‌ಶಾಪ್ ಇಟ್ಟಿದ್ದ.

"ಅಕ್ಕ, ನಿಮ್ಮ ತಮ್ಮನ್ನ ಕರೆದೆ. ಬರಲ್ಲ ಅಂದ. ಅಂಥ ಕೈ ನನಗೆ ಇನ್ನೊಂದು ಸಿಗಲ್ಲ. ಶನಿವಾರದ ತನಕ ಜಾಗ ಹಿಡಿದಿಟ್ಟಿರ್ತೀನಿ. ಆಮೇಲೆ ಬೇರೆಯವರನ್ನ ತಗೋತೀನಿ, ತಪ್ಪು ತಿಳ್ಕೋಬೇಡಿ."

ತಮ್ಮನಿಗೆ ನಲವತ್ತೇಳು. ಈ ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುವುದಿಲ್ಲ ಎಂಬುದು ಅವಳಿಗೆ ಬೇರೆಯವರ ಮನೆಗಳಲ್ಲಿ ಕೂತು ಕೂತು ಗೊತ್ತಿತ್ತು. ಎರಡು ವರ್ಷ ದಾಟಿದವರ ಫಾರಂಗಳಲ್ಲಿ ಉತ್ತರಗಳು ವರ್ಷದಿಂದ ವರ್ಷಕ್ಕೆ ಚಿಕ್ಕವಾಗುತ್ತಾ ಹೋಗುವುದನ್ನು ಅವಳು ನೋಡಿದ್ದಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

"ಒಂದ್ಸಲ ಹೋಗಿ ಬಾರೋ. ಹೋಗಿ ಬಂದ್ರೆ ಕಾಲು ಸವೆದು ಹೋಗುತ್ತಾ?"

"ನನ್ನ ಪಾಲಿಂದೂ ನೀನೇ ನಡೀತಿದ್ದೀಯಲ್ಲಕ್ಕ."

"ತಮಾಷೆ ಸಾಕು. ಇಪ್ಪತ್ತೆರಡು ವರ್ಷ ಬೆಂಕಿ ಜೊತೆ ಆಡಿದೋನು, ಈಗ ಒಲೆ ಮುಂದೆ ನಿಂತಿದ್ದೀಯ."

"ಅದೂ ಬೆಂಕೀನೇ ಅಲ್ವಾ?"

"ನಾನೇ ನಿನ್ನನ್ನ ಕೆಡಿಸಿದ್ದು. ಕೂರಿಸಿ ಅನ್ನ ಹಾಕಿ ಹಾಕಿ ಕೆಡಿಸಿದ್ದು!"

ತಮ್ಮ ಆಗ ಅಮ್ಮನ ಮಂಚದ ಹೊದಿಕೆ ಸರಿಮಾಡುತ್ತಿದ್ದ. ಅವನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮೂಲೆಯನ್ನು ಹಾಸಿಗೆಯಡಿ ಮಡಿಸಿ ಸಿಕ್ಕಿಸಿತು. ಅವಳು ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಮತ್ತೆ ಬಾಗಿಲಿಗೆ ಹೊರಟಿದ್ದಳು.

ಮರುದಿನ ಕಚೇರಿಯಲ್ಲಿ ಈ ವರ್ಷ ಹೊಸದಾಗಿ ಆರಿಸಿದ ಮನೆಗಳ ಪಟ್ಟಿ ಬಂತು. ಕಂಪ್ಯೂಟರ್ ಕಣ್ಣುಮುಚ್ಚಿ ಆರಿಸುವ ಪಟ್ಟಿ ಅದು. ಅದರಲ್ಲಿ ಅವಳ ಮನೆಯೇ ಇತ್ತು. "ಈಗ ಪ್ರಶ್ನೆ ಅಕ್ಕನ ಮನೆಗೇ ಪ್ರಶ್ನೆ" ಎಂದು ಮೇಲ್ವಿಚಾರಕರು ನಕ್ಕರು. ಸ್ವಂತ ಮನೆಯವರನ್ನು ತಾವೇ ಕೇಳುವಂತಿಲ್ಲ, ಕೇಳುವಾಗ ಮನೆಯಲ್ಲೂ ಇರುವಂತಿಲ್ಲ. ಮೂರು ತಿಂಗಳ ಹಿಂದೆ ಅವಳ ಕೈಕೆಳಗೇ ಕೆಲಸ ಕಲಿತ ಹುಡುಗಿಯೊಬ್ಬಳು ಗುರುವಾರ ಹನ್ನೊಂದಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಗುರುವಾರ ಹತ್ತೂ ಮುಕ್ಕಾಲಿಗೆ ಅವಳು ಚೀಲ ಹೆಗಲಿಗೇರಿಸಿ ಹೊರಟಳು. ತಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ.

"ಒಂದ್ ಲೋಟ ನೀರು ಕೊಟ್ಟು ಹೋಗೇ" ಎಂದಳು ಅಮ್ಮ. ಕೊಟ್ಟಳು.

"ದಿಂಬು ಸ್ವಲ್ಪ ಮೇಲೆ." ಏರಿಸಿದಳು.

"ಬೆನ್ನು ನವೆ. ಅಲ್ಲಲ್ಲ, ಇನ್ನೂ ಕೆಳಗೆ. ನಿನಗೆ ನನ್ನ ಬೆನ್ನೂ ಗೊತ್ತಿಲ್ಲ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತಮ್ಮ ಹಿತ್ತಲಿಂದ ಬಂದು ಬಾಗಿಲು ತೆಗೆದ. "ಅಕ್ಕ ಆಗಲೇ ಹೊರಟಳು, ಬಾಮ್ಮ ಕೂತ್ಕೋ" ಎಂದು ಹುಡುಗಿಗೆ ಹೇಳುವುದು ಕೇಳಿಸಿತು. ಮುಂದಿನ ಕೋಣೆಗೂ ಅಮ್ಮನ ಕೋಣೆಗೂ ನಡುವೆ ಒಂದು ಪರದೆ ಅಷ್ಟೇ. ಬೀದಿಗಾಗಲಿ ಹಿತ್ತಲಿಗಾಗಲಿ ಹೋಗಲು ಇದ್ದದ್ದು ಮುಂದಿನ ಕೋಣೆಯ ದಾರಿಯೊಂದೇ. ಅವಳು ಎದ್ದಳು. ಅಮ್ಮ ಅವಳ ಮಣಿಕಟ್ಟು ಹಿಡಿದಳು. ಆ ಒಣಗಿದ ಬೆರಳುಗಳಲ್ಲಿ ಅಷ್ಟು ಬಿಗಿ ಇದ್ದೀತೆಂದು ಅವಳು ಎಣಿಸಿರಲಿಲ್ಲ.

"ಕೂತ್ಕೋ" ಎಂದಳು ಅಮ್ಮ ಪಿಸುದನಿಯಲ್ಲಿ. "ಬಾಯಿ ಬಿಡ್ಬೇಡ, ಅಷ್ಟೇ. ಉಸಿರಾಡಬಾರ್ದು ಅಂತೇನೂ ನಿಯಮ ಇಲ್ವಲ್ಲ."

ಹುಡುಗಿ ಚೆನ್ನಾಗಿಯೇ ಓದಿದಳು. ಅಕ್ಷರ ತಪ್ಪಲಿಲ್ಲ. ಕೆಲಸ ಮಾಡಿದಿರಾ? ಇಲ್ಲ. ಹುಡುಕಿದಿರಾ? ಇಲ್ಲ.

"ಈ ಅವಧಿಯಲ್ಲಿ ಸಿಕ್ಕ ಕೆಲಸವನ್ನು ಬೇಡವೆಂದದ್ದು ಉಂಟೇ?"

"ಹ್ಞೂ."

"ಎಷ್ಟು ಬಾರಿ?"

"ಮೂರು."

ಪರದೆಯ ಈಚೆ ಅವಳ ಬೆನ್ನು ನೆಟ್ಟಗಾಯಿತು. ಅವಳಿಗೆ ಗೊತ್ತಿದ್ದದ್ದು ಒಂದು.

"ಕಾರಣವೇನು?"

ಮೌನ. ಆರನೆಯ ಸೆಕೆಂಡು ಕಳೆಯಿತು. ಮನಸ್ಸಿಲ್ಲ ಎಂಬ ಮಾತು ಬರಲಿಲ್ಲ. ಏಳು, ಎಂಟು.

"ನಮ್ಮಮ್ಮನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ಬೇಕು. ಇಲ್ದಿದ್ರೆ ಬೆನ್ನೆಲ್ಲ ಹುಣ್ಣಾಗುತ್ತೆ. ಒಂದ್ಸಲ ಆಗಿತ್ತು. ಎರಡು ತಿಂಗಳು ಬೇಕಾಯ್ತು ಮಾಯೋದಕ್ಕೆ. ಅಕ್ಕನಿಗೆ ಹೇಳಿಲ್ಲ."

"ಇದನ್ನ ಮನೆ ಜವಾಬ್ದಾರಿ ಅಂತ ಬರ್ಕೊಳ್ಲಾ?"

ಬಾಯಿಗೆ ಮಾತು ತುರುಕಬೇಡ ಎಂದಿದ್ದೆನಲ್ಲ, ಎಂದು ಅವಳೊಳಗಿನ ಮೇಡಂ ಆ ಗಳಿಗೆಯಲ್ಲೂ ರೇಗಿದಳು. ಮಣಿಕಟ್ಟು ಇನ್ನೂ ಅಮ್ಮನ ಕೈಯಲ್ಲೇ ಇತ್ತು.

"ನಿನಗೆ ಹೇಗೆ ಸರಿಯೋ ಹಾಗೆ ಬರ್ಕೋಮ್ಮ."

"ಮನೆಯಲ್ಲಿ ನಿಮಗೆ ಆಸರೆಯಾಗಿರುವವರು ಯಾರು?"

"ಅಕ್ಕ."

"ಕೆಲಸ ಬೇಡವೆಂದ ನಿರ್ಧಾರವನ್ನು ಅವರೊಂದಿಗೆ ಚರ್ಚಿಸಿದ್ದೀರಾ?"

"ಇಲ್ಲ."

"ಯಾಕೆ?"

ಮತ್ತೆ ಮೌನ. ಹುಡುಗಿ ಕಲಿತದ್ದನ್ನು ಮರೆಯದೆ ಕಾಯುತ್ತಿದ್ದಳು. ಪರದೆಯ ಈಚೆ ಅವಳು ಎಣಿಸಿದಳು. ಮೂರು. ನಾಲ್ಕು. ಹನ್ನೊಂದು ವರ್ಷ, ಸಾವಿರಾರು ಮನೆ, ಒಂದೇ ಒಂದು ಮೌನವನ್ನೂ ಅವಳು ಒಡೆದಿರಲಿಲ್ಲ. ಐದು. ಆರು. ಏಳನೆಯ ಸೆಕೆಂಡಿಗೆ ಅಮ್ಮನ ಬೆರಳುಗಳು ಸಡಿಲವಾದವು, ಅವಳು ಪರದೆ ಸರಿಸಿದಳು.

"ನಾನು ಕೆಲಸ ಬಿಟ್ಟು ಬಂದು ಕೂತ್ಕೋತೀನಿ ಅಂತ" ಎಂದಳು. "ಅದಕ್ಕೇ ಅಲ್ವೇನೋ?"

ತಮ್ಮ ಬೆಚ್ಚಿಬಿದ್ದು ನೋಡಿದ. ಹುಡುಗಿಯ ಕೈಯಿಂದ ಪೆನ್ನು ಜಾರಿತು.

"ನೀನು ಮನೇಲಿ ಮೂರು ದಿನ ಕೂತ್ರೆ ಗೋಡೆ ಹತ್ತೋಳು" ಎಂದ ತಮ್ಮ. "ಹೇಳಿದ್ರೆ ನೀನು ಆವತ್ತೇ ರಾಜೀನಾಮೆ ಬರೀತಿದ್ದೆ. ನಿನ್ನ ಕೆಲಸ ಹೋದ್ರೆ ನಾವು ಮೂರೂ ಜನ ಮುಳುಗ್ತಿದ್ವಿ. ಮನಸ್ಸಿಲ್ಲ ಅಂದ್ರೆ ನೀನು ಬೈತೀಯ, ಅಷ್ಟೇ. ಬೈಗುಳ ತಡ್ಕೋಬಹುದು."

ಅವಳು ಅವನ ಕೈ ನೋಡಿದಳು. ಸೋಮವಾರ ಹೊದಿಕೆಯ ಮೇಲೆ ನಿಂತುಹೋದ ಕೈ, ಆಗ ನೋಡದೆ ಹೋದದ್ದು, ಈಗ ಅದು ಅವನ ಮಡಿಲಲ್ಲಿತ್ತು. ಬಿಸಿ ಪಾತ್ರೆಗಳ ಹೊಸ ಸುಟ್ಟ ಕಲೆಗಳು, ಹಳೆಯ ಕಿಡಿಗಳ ಕಲೆಗಳ ಮೇಲೇ.

"ಅಕ್ಕಾ, ನೀವು ಒಳಗೇ ಇದ್ರಾ?" ಹುಡುಗಿ ಅಳುವಂತಾಗಿದ್ದಳು. ಕೊನೆಯ ಪುಟ ತೆರೆದಿತ್ತು: ಸಂದರ್ಶನದ ವೇಳೆ ಮೂರನೆಯವರು ಹಾಜರಿದ್ದರೇ? ಉತ್ತರದ ಮೇಲೆ ಪ್ರಭಾವ ಬೀರಿದರೇ? "ಇಲ್ಲಿ ಏನ್ ಹಾಕ್ಲಿ?"

"ಹೌದು. ಹೌದು."

"ಫಾರಂ ರದ್ದಾಗುತ್ತೆ. ನಿಮ್ಮ ಹೆಸರು ಮೇಲಿನವರ ತನಕ ಹೋಗುತ್ತೆ."

"ಹೋಗ್ಲಿ. ನಿಜ ಬರಿ."

"ಹೇಗೂ ರದ್ದಾಯ್ತಲ್ಲ" ಎಂದು ಪರದೆಯ ಹಿಂದಿನಿಂದ ಅಮ್ಮನ ದನಿ ಬಂತು, "ಇನ್ನು ನನ್ನನ್ನೂ ಒಂದೆರಡು ಕೇಳಮ್ಮ."

"ಅರವತ್ತೈದು ದಾಟಿದೋರನ್ನ ಕೇಳೋ ಹಾಗಿಲ್ಲ ಅಜ್ಜಿ."

"ಅದಕ್ಕೇ ನಿಮ್ಮ ಲೆಕ್ಕ ಹೀಗಿರೋದು. ಮೂರು ಸಲ ಕೆಲಸ ಬಾಗಿಲಿಗೆ ಬಂದು ವಾಪಸ್ ಹೋಗಿದ್ದನ್ನ ನಾನು ಇಲ್ಲೇ ಮಲಗಿ ಕೇಳಿಸ್ಕೊಂಡಿದ್ದೀನಿ. ಯಾರಿಗೂ ಹೇಳ್ಬೇಡ ಅಂತ ಇವನು ನನ್ನ ಹತ್ರ ಆಣೆ ಹಾಕಿಸ್ಕೊಂಡ. ಹೇಳಲಿಲ್ಲ. ಇವಳನ್ನ ಇಲ್ಲಿ ಕೂರಿಸ್ದೆ, ಅಷ್ಟೇ. ನನ್ನನ್ನ ಮಗ್ಗುಲು ತಿರುಗಿಸೋಕೆ ವೆಲ್ಡರೇ ಆಗ್ಬೇಕೇನ್ರೋ?"

ಮೊದಲು ನಕ್ಕವನು ತಮ್ಮ.

ಶುಕ್ರವಾರ ಮೇಲ್ವಿಚಾರಕರು ನಗಲಿಲ್ಲ. ಕಲಿಸುವವಳೇ ಹೀಗೆ ಮಾಡಿದರೆ ಹೇಗೆ ಎಂದರು. ಇನ್ನು ಆರು ತಿಂಗಳು ಅವಳಿಗೆ ಸಂಜೆಯ ಪಟ್ಟಿ ಎಂದರು. ದುಡಿದು ದಣಿದು ಬಂದವರ ಬಾಗಿಲು ತಟ್ಟಿ ಬೈಸಿಕೊಳ್ಳುವ ಆ ಪಟ್ಟಿ ಯಾರಿಗೂ ಬೇಡವಾದದ್ದು. ಅವಳು ತಲೆತಗ್ಗಿಸಿ ನಿಂತಿದ್ದಳು. ಪಶ್ಚಾತ್ತಾಪವೆಂದು ಅವರು ತಿಳಿದರು. ಬೇಡಿಕೊಳ್ಳಬೇಕೆಂದು ಬಂದದ್ದು ಶಿಕ್ಷೆಯಾಗಿ ಸಿಕ್ಕಿದ್ದಕ್ಕೆ ಮುಖದಲ್ಲಿ ಮೂಡಿದ್ದನ್ನು ಅವಳು ಅಡಗಿಸುತ್ತಿದ್ದಳು.

ಇನ್ನು ಅಮ್ಮನ ಹತ್ತಿರ ಹಗಲು ಅವಳು, ಸಂಜೆ ತಮ್ಮ. ಆದರೆ ನಾಲ್ಕಕ್ಕೇ ಬಿಡುವ ವೆಲ್ಡರನ್ನು ವರ್ಕ್‌ಶಾಪಿನವನು ಒಪ್ಪಬೇಕಲ್ಲ.

ಶುಕ್ರವಾರ ಸಂಜೆ ತಮ್ಮ ಹೇಳಿಕೊಟ್ಟ. ಒಂದು ಕೈ ಭುಜದಡಿ, ಒಂದು ಕೈ ಸೊಂಟದಡಿ, ಭಾರ ಮೊಣಕಾಲಿಗೆ ಬರಬೇಕು, ಬೆನ್ನಿಗಲ್ಲ. ಅವಳು ಎಳೆದಳು. "ನಾನೇನು ಬೀರುವೇನೇ, ಹಾಗೆ ದಬ್ಬೋದಕ್ಕೆ?" ಎಂದು ಅಮ್ಮ ಕಿರುಚಿದಳು. "ಅವಸರ ಮಾಡ್ಬೇಡಕ್ಕ, ಹಿಡಿದು ಸ್ವಲ್ಪ ನಿಲ್ಲು. ಅಮ್ಮ ತಾನೇ ಹಗುರ ಆಗ್ತಾಳೆ" ಎಂದ ತಮ್ಮ. ನಿಲ್ಲುವುದೇ ಅವಳಿಗೆ ಬಾರದ ವಿದ್ಯೆ.

ಶನಿವಾರ ಅವನು ಹಳೆಯ ಚರ್ಮದ ಕೈಗವಸು ಹುಡುಕಿಕೊಂಡು ಹತ್ತಕ್ಕೆ ಹೋದ. ಹನ್ನೆರಡಕ್ಕೆ ಅವಳು ಅಮ್ಮನನ್ನು ಎಡಕ್ಕೆ ತಿರುಗಿಸಿದಳು. ಎರಡಕ್ಕೆ ಬಲಕ್ಕೆ. ಅವನು ಬರಲಿಲ್ಲ. ಬಾಗಿಲಿಗೆ ಹೋದಳು, ಕಿಟಕಿಗೆ ಬಂದಳು. ಇಲ್ಲ ಎಂದಿದ್ದರೆ ಇಷ್ಟು ಹೊತ್ತು ಯಾಕೆ? ಆಗಲಿ ಎಂದಿದ್ದರೂ ಇಷ್ಟು ಹೊತ್ತು ಯಾಕೆ? "ನೀನು ನಡೆದೂ ನಡೆದೂ ನನಗೆ ತಲೆ ಸುತ್ತುತ್ತಿದೆ" ಎಂದಳು ಅಮ್ಮ.

ನಾಲ್ಕಕ್ಕೆ ಸ್ವಲ್ಪ ಮುಂಚೆ ತಮ್ಮ ಬಂದ. ನೇರ ಬಚ್ಚಲಿಗೆ ಹೋಗಿ ತುಂಬ ಹೊತ್ತು ಕೈ ತೊಳೆದ. ಒರೆಸಿಕೊಳ್ಳುತ್ತಾ ಬಂದು ಗೋಡೆಗೊರಗಿ ನಿಂತ. ಅಚ್ಚಾದ ಪ್ರಶ್ನೆಗಳೆಲ್ಲ ಅವಳ ನಾಲಗೆಯ ತುದಿಗೆ ಬಂದು ನಿಂತವು. ಅವಳು ಅಮ್ಮನ ಮಂಚದ ಅಂಚಿನಲ್ಲಿ ಕೂತಳು. ಹತ್ತಾಯಿತು. ಇಪ್ಪತ್ತಾಯಿತು. ಪಾದ ನೆಲಕ್ಕೆ ತಟ್ಟತೊಡಗಿತು, ಅದನ್ನು ಇನ್ನೊಂದು ಪಾದದಿಂದ ಒತ್ತಿ ಹಿಡಿದಳು.

"ಕೈ ಇನ್ನೂ ಇದೆಯಾ ನೋಡೋಣ ಅಂತ ಒಂದು ಗೇಟು ಮಾಡಿಸ್ದ" ಎಂದ ತಮ್ಮ. "ಮೊದಲ ಬೆಸುಗೆ ಕೆಟ್ಟೋಯ್ತು. ಮತ್ತೆ ಮಾಡಿದೆ. ನಾಲ್ಕು ಗಂಟೆಗೆ ಬಿಡ್ತಾನಂತೆ. ಒಂದು ತಿಂಗಳು ನೋಡ್ತೀನಿ, ಸರಿ ಹೋಗ್ದಿದ್ರೆ ಮುಖ ನೋಡ್ದೆ ಹೇಳ್ತೀನಿ ಅಂದ."

"ಒಂದು ತಿಂಗಳು" ಎಂದಳು ಅವಳು.

"ಒಂದು ತಿಂಗಳು."

"ನಿಮ್ಮ ತಿಂಗಳು ಆಮೇಲೆ" ಎಂದಳು ಅಮ್ಮ. "ಇಲ್ಲಿ ನನ್ನನ್ನ ತಿರುಗಿಸಿ ಎರಡು ಗಂಟೆ ಆಯ್ತು."

ಇಬ್ಬರೂ ಒಟ್ಟಿಗೇ ಮುಂದೆ ಬಂದರು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಅವಳು ಒಂದು ಕೈ ಭುಜದಡಿಗೆ, ಇನ್ನೊಂದು ಸೊಂಟದಡಿಗೆ ತಂದು, ಮೊಣಕಾಲು ಬಾಗಿಸಿ, ಹಿಡಿದು ನಿಂತಳು.