ಕಡೇ ಗದ್ದೆ ನೋಡಲು ಹೋದದ್ದು

ಇಪ್ಪತ್ತೆರಡು ವರ್ಷದಿಂದ ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ನದಿಯೊಂದನ್ನು ಬರೆದು, ಸಮುದ್ರದ ಹತ್ತಿರ ಅದನ್ನು ಕೋಳಿಕಾಲಿನ ಹಾಗೆ ಸೀಳಿ, "ಇದು ನದೀಮುಖಜ ಭೂಮಿ. ನದಿ ತಂದು ಹಾಕಿದ ಮೆಕ್ಕಲು ಮಣ್ಣು. ಬಹಳ ಫಲವತ್ತು" ಎಂದು ಹೇಳಿ, ಕೈಯ ಸೀಮೆಸುಣ್ಣ ಕೊಡವಿಕೊಂಡು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನೀವು ಅದನ್ನು ನೋಡಿದ್ದೀರಾ ಮಿಸ್ ಎಂದು ಯಾವ ಮಗುವೂ ಕೇಳಿರಲಿಲ್ಲ. ಕೇಳಿದವನು ನಮ್ಮಪ್ಪ.

ಅಪ್ಪ ನೀರುಗಂಟಿಯಾಗಿದ್ದವನು. ಮಳವಳ್ಳಿ ಕಡೆಯ ನಮ್ಮ ಊರು ನಾಲೆಯ ಕೊನೆಭಾಗದಲ್ಲಿದೆ. ಮೇಲಿನ ಊರುಗಳೆಲ್ಲ ತೆಗೆದುಕೊಂಡು ಮಿಕ್ಕಿದ್ದು ನಮಗೆ. ಆ ಮಿಕ್ಕಿದ್ದನ್ನು ಹಂಚುವುದು ಅಪ್ಪನ ಕೆಲಸ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಗಲ ಮೇಲೆ ಸಲಿಕೆ ಹೊತ್ತು ಬದುವಿನ ಮೇಲೆ ಓಡಾಡಿದ. ಬದುವಿನಲ್ಲಿ ನೀರು ಒಳಗೆ ಬಿಡಲು ಒಂದು ಕಂಡಿ ಇರುತ್ತದೆ, ಅದನ್ನು ನಾವು ಮಡೆ ಎನ್ನುತ್ತೇವೆ. ಮಡೆಗೆ ಮಣ್ಣು ಮೆತ್ತಿದರೆ ನೀರು ನಿಂತಿತು, ಕಿತ್ತರೆ ಹರಿಯಿತು. ಅಪ್ಪನಿಗೆ ಎರಡೇ ಕಟ್ಟಳೆ. ಮೊದಲು ಕಡೇ ಗದ್ದೆಗೆ, ಆಮೇಲೆ ಮಿಕ್ಕವಕ್ಕೆ. ಎರಡನೆಯದು, ಗದ್ದೆಯವನು ಮಡೆ ಮುಟ್ಟುವ ಹಾಗಿಲ್ಲ, ನೀರುಗಂಟಿ ಗದ್ದೆಯವನನ್ನು ಕೇಳುವ ಹಾಗಿಲ್ಲ. ಕೇಳುತ್ತಾ ಕೂತರೆ ಒಬ್ಬೊಬ್ಬರದು ಒಂದೊಂದು ಪುರಾಣ, ನೀರು ಕಡೆಗೆ ಮುಟ್ಟುವುದೇ ಇಲ್ಲ ಎಂಬುದು ಅವನ ವಾದ. ಇದರಿಂದ ಅವನು ಬೈಸಿಕೊಂಡಿದ್ದೂ ಉಂಟು, ಒಂದೆರಡು ಸಲ ಏಟು ತಿಂದದ್ದೂ ಉಂಟು. ಕಟ್ಟಳೆ ಮಾತ್ರ ಬಿಡಲಿಲ್ಲ.

ಮಳೆ ಕೈಕೊಟ್ಟ ವರ್ಷ ಕಾವೇರಿ ಗಲಾಟೆ ಶುರುವಾಯಿತು. ಊರಿನವರೆಲ್ಲ ಮದ್ದೂರಿಗೆ ಹೋಗಿ ಹೆದ್ದಾರಿಯಲ್ಲಿ ಕೂತರು. ಅಪ್ಪನೂ ಹೋಗಿ, ಟವೆಲ್ ತಲೆಗೆ ಸುತ್ತಿ, ಗಂಟಲು ಹರಿಯುವ ಹಾಗೆ ಕೂಗಿದ. ಸಂಜೆ ನಮ್ಮ ಮನೆಗೆ ಬಂದು, ಕಾಫಿ ಲೋಟ ಕೈಯಲ್ಲಿ ಹಿಡಿದು ಕೂತ.

"ಅಲ್ಲ ಕಣವ್ವ, ಕೆಳಗಡೆ ಓದ ನೀರೆಲ್ಲಾ ಸಮುದ್ರುಕ್ಕೆ ಸುರ್ದು ಆಳಾಯ್ತದೆ ಅಂತಾರಲ್ಲಾ, ದಿಟ್ವಾ?"

"ಪುಸ್ತಕದಲ್ಲಿ ನದಿ ಸಮುದ್ರ ಸೇರ್ತದೆ ಅಂತ ಇದೆ, ಅಪ್ಪ."

"ಪುಸ್ತಕ ಅತ್ಲಾಗಿಡು. ನೀನ್ ನೋಡಿದ್ದೀಯಾ?"

ಇಲ್ಲ ಎಂದೆ. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಅಪ್ಪ ಲೋಟ ಕೆಳಗಿಟ್ಟ. "ನೋಡ್ದಲೇ ನೀನೂ ಪಾಠ ಮಾಡ್ದೆ, ನೋಡ್ದಲೇ ನಾನೂ ಕೂಗ್ದೆ. ಸರಿಯಾಗೇ ಅದೆ. ಈ ವೊಳೆದು ಕಡೇ ಗದ್ದೆ ಯಾವ್ದೋ ಅದುನ್ನ ನಾನ್ ನೋಡ್ಬೇಕು. ಅಲ್ಗೆ ನೀರು ಮುಟ್ತದೋ ಇಲ್ವೋ, ನನ್ ಕಣ್ಣಾಗೇ ನೋಡ್ಬೇಕು."

ನಾನು ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೊಳೆಯ ಕರೆಂಟು ಮನೆಯಿರುವ ಬ್ಲಫ್‌ಗೆ ಹೋಗುತ್ತಿದ್ದ. ಅಲ್ಲಿ ಕರೆಂಟು ಮಾಡಿ ಬಿಟ್ಟ ನೀರು ಬಂಡೆಗಳ ನಡುವೆ ಸಾಗುವುದನ್ನು ತೋರಿಸಿ, "ಇಲ್ಲಿಂದಾಚೆಗೆ ಇದು ನಮ್ಮ ಲೆಕ್ಕ ಅಲ್ಲ" ಎನ್ನುತ್ತಿದ್ದ. ಅದೇ ಅಪ್ಪ ಈಗ ಎಪ್ಪತ್ತಾರನೇ ವಯಸ್ಸಿನಲ್ಲಿ, ಸವೆದ ಎರಡು ಮಂಡಿ ಇಟ್ಟುಕೊಂಡು, ಆ ಆಚೆಯನ್ನು ನೋಡಬೇಕೆಂದು ಹಠ ಹಿಡಿದ. ಅಣ್ಣ ಬೇಡವೆಂದ. ಡಾಕ್ಟರು ಬೇಡವೆಂದರು. ನನ್ನ ಗಂಡ, "ಅಲ್ಲಿ ಮಂಡ್ಯದವರು ಅಂತ ಗೊತ್ತಾದ್ರೆ ಸುಮ್ನೆ ಬಿಡ್ತಾರಾ?" ಎಂದರು. ಅಪ್ಪ ಚೀಲಕ್ಕೆ ಎರಡು ಪಂಚೆ ತುಂಬಿಕೊಂಡು ಬಂದು ನಮ್ಮ ಮನೆಯ ಜಗಲಿಯಲ್ಲಿ ಕೂತ.

ದಸರಾ ರಜೆಯಲ್ಲಿ ಹೊರಟೆವು. ಮಂಡ್ಯದಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ತಿರುಚಿ. ಅಲ್ಲಿಂದ ಒಂದು ದಿನದ ಪ್ರವಾಸ ನಡೆಸುವವರಿದ್ದಾರೆ. ಹತ್ತು ಹನ್ನೆರಡು ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ನದಿ ಎರಡಾಗುವಲ್ಲಿಂದ ಸಮುದ್ರ ಸೇರುವವರೆಗೆ ತೋರಿಸಿ, ರಾತ್ರಿ ಊಟದ ಹೊತ್ತಿಗೆ ವಾಪಸ್ ಬಿಡುತ್ತಾರೆ. ನಮ್ಮ ಪುಣ್ಯಕ್ಕೆ ಗೈಡ್ ಆರು ವರ್ಷ ಬೆಂಗಳೂರಿನಲ್ಲಿ ಗಾಡಿ ಓಡಿಸಿದ್ದವನು, ಕನ್ನಡ ಬರುತ್ತಿತ್ತು. ಯಾವೂರು ಎಂದು ಕೇಳಿದ. ನಾನು ಮೈಸೂರು ಎಂದೆ. ಅಪ್ಪ ನನ್ನನ್ನು ಓರೆಗಣ್ಣಿನಿಂದ ನೋಡಿದ.

ನದಿ ಎರಡಾಗುವಲ್ಲಿ ಎಲ್ಲರೂ ಫೋಟೊ ತೆಗೆದುಕೊಂಡರು. ಅಪ್ಪ ಅಣೆಯ ಗೇಟುಗಳನ್ನು ಒಂದೊಂದಾಗಿ ನೋಡಿ, ಎಷ್ಟು ತೆರೆದಿವೆ, ಎಷ್ಟು ಮುಚ್ಚಿವೆ ಎಂದು ಗೈಡ್‌ನ ಜೀವ ತಿಂದ. ಹಳೆಯ ಕಲ್ಲಣೆಯ ಮೇಲೆ ನಿಂತಾಗಂತೂ ಅವನಿಗೆ ಸುಮ್ಮನಿರಲಾಗಲಿಲ್ಲ. ಅಲ್ಲಿಂದ ನೀರು ಹಲವು ಕವಲಾಗಿ, ಕವಲು ನಾಲೆಯಾಗಿ, ನಾಲೆ ಕಾಲುವೆಯಾಗಿ ಹೋಗುತ್ತದೆ ಎಂದು ಗೈಡ್ ವಿವರಿಸಿದ. "ಯಪ್ಪಾ! ಇದುನ್ನೆಲ್ಲಾ ಅಂಚೋ ಪುಣ್ಯಾತ್ಮ ಯಾರವ್ವಾ? ಅವ್ನ ಕಾಲಿಗ್ ಬೀಳ್ಬೇಕು" ಎಂದ. ತಂಜಾವೂರಿನ ದೇವಸ್ಥಾನದಲ್ಲಿ ಹೊರಗಿನಿಂದಲೇ ಕೈಮುಗಿದು ವ್ಯಾನಿಗೆ ಬಂದು ಕೂತ. ಮಿಕ್ಕವರು ನಿಧಾನವಾಗಿ ನೋಡುತ್ತಿದ್ದರೆ ಇವನು ಚಾಲಕನ ಹಿಂದೆ ಕೂತು ನಿಟ್ಟುಸಿರು ಬಿಡುತ್ತಿದ್ದ. ಊಟದ ಹೊತ್ತಿಗೆ ನಾನೇ ರೇಗಿದೆ. "ಊರೆಲ್ಲ ನಿನ್ನ ನಾಲೆ ಅಂದ್ಕೊಂಡಿದ್ದೀಯಾ?" ಅಂದೆ. ಅವನಿಗೆ ಅದು ತಾಗಲೇ ಇಲ್ಲ.

ಮಧ್ಯಾಹ್ನ ಕಳೆದ ಮೇಲೆ ಸಮುದ್ರ ಇನ್ನೇನು ಬಂತು ಎನ್ನುವಾಗ ಗೈಡ್ ಎಳನೀರಿಗೆಂದು ಒಂದು ಹಳ್ಳಿಯ ಪಕ್ಕ ವ್ಯಾನ್ ನಿಲ್ಲಿಸಿದ. ಕಾವೇರಿಯ ಕೊನೆಯ ಗೇಟು ದಾಟಿ ಬಂದಿದ್ದೇವೆ, ಇವೇ ಕಡೆಯ ಗದ್ದೆಗಳು, ಆ ಸವುಕೆ ಮರಗಳಾಚೆ ಸಮುದ್ರ ಎಂದು ಕೈ ತೋರಿಸಿದ. ಅಪ್ಪ ಎಳನೀರು ಮುಟ್ಟದೆ ಕೆಳಗಿಳಿದ. ನಾನು ಹಿಂದೆಯೇ ಹೋದೆ.

ಬದುವಿನ ಮೇಲೆ ಅವನ ಮಂಡಿನೋವು ಎಲ್ಲಿ ಹೋಯಿತೋ, ನಾನು ಓಡಬೇಕಾಯಿತು. ಸಾಲಾಗಿ ಗದ್ದೆಗಳು, ಬಹುಪಾಲು ಉಳುಮೆ ಮಾಡಿ ಬಿಟ್ಟವು. ಎಲ್ಲದಕ್ಕಿಂತ ಕಡೆಯದರಲ್ಲಿ ಒಂದು ಒಟ್ಲು, ನಾಟಿಗೆಂದು ಸಸಿ ಎಬ್ಬಿಸುವ ಮಡಿ. ಬಿತ್ತಿ ಎರಡು ವಾರವಾಗಿರಬಹುದು, ಪೈರು ಗೇಣುದ್ದ ಎದ್ದಿತ್ತು. ಆದರೆ ಮಣ್ಣು ಬಿರಿಯತೊಡಗಿತ್ತು, ಎಲೆಯ ತುದಿ ಸುರುಳಿ ಸುತ್ತಿತ್ತು. ಅದರ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಕಾಲುವೆಯ ತುಂಬ ನೀರು. ಮಡೆಗೆ ಗಟ್ಟಿಯಾಗಿ ಮಣ್ಣು ಮೆತ್ತಿತ್ತು.

"ನೋಡವ್ವಾ! ನೀರ್ ಬಂದು ನಿಂತದೆ, ಒಟ್ಲು ಒಣಗ್ತಾದೆ. ಇಲ್ಲಿ ನೀರುಗಂಟಿ ಅನ್ನೋನು ಸತ್ತೋಗವ್ನಾ?" ಅಪ್ಪನಿಗೆ ಕೋಪ ಉಕ್ಕಿತ್ತು. "ಇದು ವೊಳೆ ನೀರೇ ಅಲ್ವಾ?"

"ಇನ್ಯಾವ ನೀರು ಅಪ್ಪ, ಕಾವೇರಿದೇ" ಎಂದೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಬಾಯಿ, ಒಂದು ಕ್ಷಣ ಯೋಚಿಸಲಿಲ್ಲ.

ಅಪ್ಪ ಪಂಚೆ ಎತ್ತಿಕಟ್ಟಿ, ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಮಡೆಯ ಮಣ್ಣನ್ನು ಎರಡು ಸಲ ಗುದ್ದಿದ. ಮೂರನೆಯ ಗುದ್ದಿಗೆ ಮಡೆ ಕಿತ್ತುಬಂತು. ನೀರು ಒಟ್ಲಿನೊಳಗೆ ನುಗ್ಗಿತು. ಯಾರನ್ನೂ ಕೇಳಲಿಲ್ಲ, ಕೇಳುವ ಪದ್ಧತಿ ಅವನಿಗಿಲ್ಲ. ಸೊಂಟದ ಮೇಲೆ ಕೈಯಿಟ್ಟು ನೀರು ಹರಡುವುದನ್ನು ನೋಡುತ್ತಾ ನಿಂತ ಅವನ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಗೆಲುವಿತ್ತು.

ಆಗ ಒಬ್ಬ ಹೆಂಗಸು ತೆಂಗಿನ ಮರಗಳ ಕಡೆಯಿಂದ ಕಿರುಚುತ್ತಾ ಓಡಿಬಂದಳು. ನನ್ನಷ್ಟೇ ವಯಸ್ಸು, ಸೀರೆಯ ಮೇಲೊಂದು ಗಂಡಸರ ಶರ್ಟು. ಅವಳ ತಮಿಳು ನನಗೆ ತಿಳಿಯಲಿಲ್ಲ, ಕೈ ಮಾತ್ರ ತಿಳಿಯಿತು. ಕಾಲುವೆಯ ನೀರನ್ನು ಬೊಗಸೆಯಲ್ಲಿ ತುಂಬಿ ನನ್ನ ಬಾಯಿಯ ಹತ್ತಿರ ಹಿಡಿದಳು. ನಾಲಿಗೆಗೆ ತಗುಲಿದ್ದು ಉಪ್ಪು.

ಗೈಡ್ ಎಳನೀರು ಬಿಸಾಡಿ ಓಡಿಬಂದು ಹೇಳಿದ ಮೇಲೆ ಎಲ್ಲ ಅರ್ಥವಾಯಿತು. ಅದು ಹೊಳೆ ತಂದ ನೀರಲ್ಲ. ಉಬ್ಬರದ ಹೊತ್ತಿಗೆ ಸಮುದ್ರ ಬಸಿಗಾಲುವೆಯ ಮೂಲಕ ಒಳಗೆ ಏರಿ ಬರುತ್ತದೆ. ಮೇಲಿನಿಂದ ಸಾಕಷ್ಟು ಸಿಹಿನೀರು ಬಂದರೆ ಅದನ್ನು ಹಿಂದಕ್ಕೆ ತಳ್ಳುತ್ತದೆ, ಬರದಿದ್ದರೆ ಸಮುದ್ರ ಅಲ್ಲೇ ನಿಲ್ಲುತ್ತದೆ. ಉಪ್ಪು ಒಳಗೆ ಬರದಿರಲೆಂದೇ ಅವಳು ಮಡೆಯನ್ನು ಅಷ್ಟು ಗಟ್ಟಿ ಮಾಡಿದ್ದಳು. ಅವಳಿಗಿದ್ದ ಒಂದೇ ಒಂದು ಒಟ್ಲು ಅದು. ಅದು ಸತ್ತರೆ ಆ ವರ್ಷ ನಾಟಿಯಿಲ್ಲ.

ನಮ್ಮ ಕಡೆ ನಾಲೆಯ ನೀರನ್ನು ಯಾರೂ ನೆಕ್ಕಿ ನೋಡುವುದಿಲ್ಲ. ನೀರು ಎಂದರೆ ನೀರು. ಇದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ.

ಅಪ್ಪ ಮಡೆಗೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟ. ತನ್ನ ಮೈಯಿಂದಲೇ ನೀರು ತಡೆದು, ಎರಡೂ ಕೈಯಲ್ಲಿ ಬದುವಿನ ಜೇಡಿ ಕಿತ್ತು ಕಿತ್ತು ತೊಡೆಯ ಪಕ್ಕಕ್ಕೆ ಮೆತ್ತತೊಡಗಿದ. ಮಡೆ ಮುಚ್ಚಿದ ಮೇಲೆ, ನುಗ್ಗಿದ ನೀರು ಪೂರ್ತಿ ಹರಡುವ ಮುನ್ನ ಒಟ್ಲಿನೊಳಗೇ ಅಡ್ಡ ಒಂದು ಬದು ಎಳೆದ. ಆ ಹೆಂಗಸು ಕೊಡ, ಬಕೆಟ್ಟು ತಂದಳು. ಅವಳು, ನಾನು, ಗೈಡ್, ವ್ಯಾನಿನಲ್ಲಿ ಬಂದಿದ್ದ ಒಂದು ಹೊಸ ಜೋಡಿ, ಎಲ್ಲರೂ ಸೇರಿ ಉಪ್ಪುನೀರನ್ನು ಮೊಗೆದು ಆಚೆ ಚೆಲ್ಲಿದೆವು. ಸಮುದ್ರ ನೋಡುವ ಹೊತ್ತು ಮೀರುತ್ತಿದೆಯೆಂದು ವ್ಯಾನಿನವರು ಹಾರನ್ ಹೊಡೆಸಿದರು. ನಾನು ತಿರುಗಿ ನೋಡಲಿಲ್ಲ.

ಮುಗಿದ ಮೇಲೆ ಆ ಹೆಂಗಸು ಅಪ್ಪ ಕಟ್ಟಿದ ಅಡ್ಡಬದುವನ್ನು ಕಾಲಿನಿಂದ ಒತ್ತಿ ನೋಡಿದಳು. ಇದು ಕೆಲಸ ಗೊತ್ತಿದ್ದವನ ಕೈ, ಯಾರಿವರು ಎಂದು ಗೈಡ್‌ನನ್ನು ಕೇಳಿದಳು. ಗೈಡ್ ಮೈಸೂರು ಎನ್ನಲು ಬಾಯಿ ತೆರೆದ.

"ಸುಳ್ಳೇಳ್ಬೇಡ ಕಣಪ್ಪ" ಎಂದ ಅಪ್ಪ, ಕೆಸರಿನಲ್ಲಿ ಕೂತೇ. "ಮಂಡ್ಯ ಅನ್ನು. ಮಳವಳ್ಳಿ ತಾಲೂಕು. ಅಲ್ಲಿ ನೀರುಗಂಟಿ ನಾನು. ಮಡೆ ತೆಗ್ದು ಕೆಟ್ಟ ಕೆಲ್ಸ ಮಾಡ್ದೆ, ತಪ್ಪಾಯ್ತು ಅನ್ನು."

ಗೈಡ್ ಹೇಳಿದ. ಅವಳು ಅಪ್ಪನನ್ನು ಕಣ್ಣು ಮಿಟುಕಿಸದೆ ನೋಡಿ ಏನೋ ಅಂದಳು. ಗೈಡ್ ಹಿಂಜರಿದು, "ಅಷ್ಟು ದೂರ ಮೇಲಿಂದ ಬಂದಿದ್ದೀರಿ, ಬರೋವಾಗ ನೀರು ತರಬಾರದಾಗಿತ್ತಾ ಅಂತ ಕೇಳ್ತಾರೆ" ಎಂದ. ನಮ್ಮೂರ ಹೆಂಗಸರು ಇದಕ್ಕಿಂತ ನಯವಾಗಿ ಮಾತಾಡುವುದಿಲ್ಲ. ಅಪ್ಪನಿಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಒಟ್ಲು ಉಳಿಯುತ್ತದಾ ಎಂದು ಕೇಳಿಸಿದ. ನಾಲ್ಕೈದು ದಿನದಲ್ಲಿ ತನ್ನ ಸರದಿಯ ಸಿಹಿನೀರು ಬರಬೇಕು, ಬಂದರೆ ಉಪ್ಪು ತೊಳೆದು ಉಳಿಯುತ್ತದೆ, ಬರದಿದ್ದರೆ ಇಲ್ಲ ಎಂದಳು. ನಾವು ಏಳುವಾಗ ಅಪ್ಪನ ಕೈ ಹಿಡಿದು ಎಬ್ಬಿಸಿದಳು. ಸಮುದ್ರ ಸೇರುವಲ್ಲಿಗೆ ಹೋದಾಗ ಬೆಳಕು ಇಳಿಯುತ್ತಿತ್ತು. ಅಷ್ಟು ದೊಡ್ಡ ಹೊಳೆ ಅಲ್ಲಿ ನಮ್ಮೂರ ಹಳ್ಳದಷ್ಟಿತ್ತು. ಅಪ್ಪ ವ್ಯಾನಿನಿಂದ ಇಳಿಯಲಿಲ್ಲ.

ಊರಿಗೆ ಬಂದ ಮೇಲೆ ಅರಳೀಕಟ್ಟೆಯಲ್ಲಿ ಜನ ಮುತ್ತಿಕೊಂಡರು. "ಏನ್ ನೋಡ್ದಣ್ಣ? ನೀರೆಲ್ಲಾ ಸಮುದ್ರುಕ್ ಓಯ್ತದಾ?"

"ನಾನ್ ನೋಡ್ದಾಗ ನೀರು ಸಮುದ್ರುಕ್ ಓಯ್ತಿರ್ಲಿಲ್ಲ ಕಣ್ರಲಾ" ಎಂದ ಅಪ್ಪ. "ಸಮುದ್ರನೇ ಗದ್ದೆಗ್ ಬತ್ತಿತ್ತು."

ಒಬ್ಬ ನಕ್ಕ. ಇನ್ನೊಬ್ಬ, ಅವರ ಪರ ಮಾತಾಡ್ತೀಯಾ ಎಂದು ರೇಗಿದ. ಅಪ್ಪ ಜಗಳಕ್ಕೆ ನಿಲ್ಲಲಿಲ್ಲ. ನಮ್ಮ ಗದ್ದೆಗೂ ನೀರು ಬೇಕು, ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅವತ್ತಿನಿಂದ ದಿನಾ ಬೆಳಗ್ಗೆ ನನಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳತೊಡಗಿದ. "ಆಯಮ್ಮುಂಗೆ ನೀರು ಬಂತಾ? ಗೈಡ್‌ನ ಕೇಳು." ನಾಲ್ಕನೇ ದಿನ ಇಲ್ಲ. ಐದನೇ ದಿನ ಇಲ್ಲ. ಆರನೇ ದಿನ ಅವನು ಫೋನು ಮಾಡಲಿಲ್ಲ, ಬೆಳಗಿನ ಬಸ್ಸಿಗೆ ಮದ್ದೂರಿಗೇ ಬಂದುಬಿಟ್ಟ.

ಏಳನೇ ದಿನ ಗೈಡ್ ಫೋಟೊ ಕಳಿಸಿದ. ಒಟ್ಲಿನಲ್ಲಿ ನೀರು ನಿಂತಿತ್ತು. ಪೈರು ಹಸಿರಾಗಿತ್ತು. ಮಡೆಯ ಪಕ್ಕದಲ್ಲಿ ಮಾತ್ರ, ಅಪ್ಪನ ಅಡ್ಡಬದುವಿನವರೆಗೆ, ಸುಟ್ಟ ಹಾಗೆ ಬೆಳ್ಳಗಾಗಿತ್ತು. ಅಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ನಮ್ಮ ಅಂಗಳದಲ್ಲಿ ನಾಲ್ಕು ಹೆಜ್ಜೆ ಅಳೆದು ನಿಂತ. ಸತ್ತದ್ದು ಅಷ್ಟು.

"ಮುಂದುಲ್ ದಸರುಕ್ಕೂ ಟಿಕೀಟ್ ಮಾಡ್ಸು" ಎಂದ.

"ಮಂಡಿ ಇರ್ತದಾ ಅಲ್ಲೀಗಂಟ?"

"ಇರ್ತದೆ. ಒಂದಿನ ಆಯಮ್ಮುನ್ ಗದ್ದೇಲಿ ಗೇಯ್ದು ಬತ್ತೀನಿ." ಜಗಲಿಯಲ್ಲಿ ಕೂತು ಮಂಡಿ ನೀವಿಕೊಂಡ. "ಈ ಸಲ ಮೊದ್ಲು ನೀರ ನೆಕ್ ನೋಡ್ತೀನಿ. ಆಮೇಕೆ ಆಯಮ್ಮುನ್ನ ಕೇಳ್ತೀನಿ. ತೆಗಿ ಅಂದ್ರೆ ತೆಗೀತೀನಿ."

ಮೂವತ್ತು ವರ್ಷ ಯಾರನ್ನೂ ಕೇಳದೆ ಮಡೆ ತೆಗೆದ ನಮ್ಮಪ್ಪ ಕೇಳುತ್ತೇನೆ ಎಂದದ್ದು ಅದೇ ಮೊದಲು.