ಬಾಣಂತಿ ಕೋಣೆಯ ಜಾಕ್

ಮೊನ್ನೆ ಹಿಟ್ನಾಳದ ಹತ್ತಿರ ಮೊಮ್ಮಗನ ಪಿಕಪ್ ಗಾಡಿಯ ಗಾಲಿ ಪಂಕ್ಚರ್ ಆಯಿತು. ನನ್ನನ್ನೂ ನನ್ನ ಮಗಳನ್ನೂ ಬೇವಿನ ಗಿಡದ ನೆರಳಲ್ಲಿ ಕೂರಿಸಿ, ಅವನು ಸೀಟಿನ ಹಿಂದಿನಿಂದ ಒಂದು ರೆಗ್ಜಿನ್ ಚೀಲ ಎಳೆದ. ಅದರಲ್ಲಿ ಗಾಡಿಯ ಜೊತೆಗೇ ಕಂಪನಿಯಿಂದ ಬಂದ ಜಾಕ್, ಅದನ್ನು ತಿರುಗಿಸುವ ಹಿಡಿಕೆ, ಗಾಲಿಯ ನಟ್ಟು ಬಿಚ್ಚುವ ಪಾನಾ ಇದ್ದವು. ಚೀಲದ ಬಾಯಿ ಬಿಚ್ಚಿದ್ದೇ ತಡ, ಹಳೇ ಗ್ರೀಸು, ತುಕ್ಕುಗಬ್ಬಿಣದ ವಾಸನೆ ಬಂತು. ಬೇರೆಯವರಿಗೆ ಅದು ಗ್ಯಾರೇಜಿನ ವಾಸನೆ. ನನಗೆ ಮಾತ್ರ ಅದು ಬಾಣಂತಿ ಕೋಣೆಯ ವಾಸನೆ... ಲೋಬಾನದ ಹೊಗೆ, ಅಜವಾನ, ಬೆಳ್ಳುಳ್ಳಿ, ಅವುಗಳ ನಡುವೆ ಗ್ರೀಸು.

ಮೊಮ್ಮಗ ನೇರವಾಗಿ ಜಾಕ್ ಹಚ್ಚಲು ಹೋದ. ನನಗೆ ಸುಮ್ಮನಿರಲಾಗಲಿಲ್ಲ.

"ಮದ್ಲ ಹಿಂದಿನ ಗಾಲಿಗೆ ಕಲ್ಲು ಕೊಡೋ. ಆಮ್ಯಾಲೆ ನಟ್ಟು ಸಡ್ಲ ಮಾಡು. ಜಾಕ್ ಕಡೀಕ."

"ಆಯಿ, ನಿನಗಿದನ್ನ ಯಾರು ಕಲಿಸ್ಯಾರ?" ಎಂದು ಅವನು ನಕ್ಕ.

ಕಲಿಸಿದವರು ಇದ್ದರು. ಕುಷ್ಟಗಿಯಲ್ಲಿ ನನ್ನ ತವರಿನ ಎದುರು ಮನೆ ಅವರದು. ನಮ್ಮ ಅಪ್ಪನಿಗೆ ಅಣ್ಣಾ ಅನ್ನುತ್ತಿದ್ದರು, ಹಾಗಾಗಿ ನನಗೆ ಕಾಕಾ. ಊರಿಗೆಲ್ಲ ಮೋಟಾರ್ ಕಾಕಾ. ಅದು ನಿಜಾಮರ ಕಾಲ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವ ಗಂಡಸರು ಊರ ತುಂಬ ಇದ್ದರು, ಮೋಟಾರಿನ ಬಾಯಿ ತೆರೆದು ನೋಡಬಲ್ಲವರು ಕಾಕಾ ಒಬ್ಬರೇ. ಅವರು ಓಡಿಸುತ್ತಿದ್ದದ್ದು ಪೇಟೆಯ ಸಾವ್ಕಾರರೊಬ್ಬರ ಸಣ್ಣ ಲಾರಿ. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ಡಬ್ಬಿ. ಈಗಿನ ಪಿಕಪ್ಪಿಗೆ ಅದು ಅಜ್ಜ ಅಂತಲೇ ಅನ್ನಬೇಕು. ಇಲ್ಲಿಂದ ಶೇಂಗಾ ಹೇರಿಕೊಂಡು ಹೋಗಿ ಗಂಗಾವತಿಯಿಂದ ಅಕ್ಕಿ ತರುತ್ತಿದ್ದರು.

ಆಗಿನ ರಸ್ತೆಗಳಲ್ಲಿ ಟೈರು ಉಳಿದರೆ ಅದೇ ಪುಣ್ಯ. ಕಾಕಾ ನಮ್ಮ ಓಣಿಯಲ್ಲೇ ಗಾಡಿ ನಿಲ್ಲಿಸಿ ಗಾಲಿ ಬದಲಿಸುತ್ತಿದ್ದರು. ನಾನು ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತ ನೋಡುತ್ತಿದ್ದೆ. ಗಾಲಿ ನೆಲದ ಮೇಲಿದ್ದಾಗಲೇ ನಟ್ಟು ಸಡಿಲಿಸುವುದು, ಜಾಕಿನ ಕೆಳಗೆ ಹಲಗೆ ಇಡುವುದು, ನಟ್ಟುಗಳನ್ನು ಎದುರು ಬದುರು ಬಿಗಿಯುವುದು, ಎಲ್ಲಕ್ಕೂ ಅವರದೊಂದು ಮಾತು ಇರುತ್ತಿತ್ತು. "ಎತ್ತಿದ ಗಾಡಿ ಕೆಳಗ ಕೈ ಹಾಕಾಂವ ಅರ್ಧ ಹುಚ್ಚ, ಯವ್ವಾ," ಅನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಜಾಕನ್ನು ಎಣ್ಣೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸುವುದನ್ನು ಕಂಡು ಅವರ ಹೆಂಡತಿ ಬಾಗಿಲಲ್ಲೇ ನಿಂತು, "ನನಗ ಹಬ್ಬಕ್ಕೊಮ್ಮೆ ಎಣ್ಣಿ, ನಿನ್ನ ಜಾಕಿಗೆ ದಿನಾ ಎಣ್ಣಿ!" ಎಂದು ಚುಚ್ಚುತ್ತಿದ್ದಳು.

ನಾನು ಚೊಚ್ಚಲು ಬಾಣಂತನಕ್ಕೆ ತವರಿಗೆ ಬಂದದ್ದು ಎರಡನೇ ದೊಡ್ಡ ಲಡಾಯಿಯ ವರ್ಷಗಳಲ್ಲಿ. ಟೈರು ಸಿಗುತ್ತಿರಲಿಲ್ಲ, ಪೆಟ್ರೋಲು ಸಿಗುತ್ತಿರಲಿಲ್ಲ, ಕಬ್ಬಿಣದ ಒಂದು ಮೊಳೆಗೂ ಬೆಲೆ ಬಂದಿತ್ತು. ಹಸ್ತ ಮಳೆ ಹಿಡಿದುಕೊಂಡಿತ್ತು. ಮಗಳು ಹುಟ್ಟಿ ಇನ್ನೂ ಸೆಟಿಗೆವ್ವನ ಪೂಜೆ ಆಗಿರಲಿಲ್ಲ, ಒಂದು ಬೆಳಿಗ್ಗೆ ನನ್ನ ತಲೆಯ ಮೇಲಿನ ತೊಲೆ ಲಟಕ್ಕೆಂದಿತು. ನಮ್ಮದು ಮಣ್ಣಿನ ಮಾಳಿಗೆ. ಗೆದ್ದಲು ತಿಂದ ತೊಲೆ, ಮೇಲೆ ನೀರು ಕುಡಿದ ಮಣ್ಣು. ಕೂಸಿನ ಹಣೆಯ ಮೇಲೆ ಮಣ್ಣು ಉದುರಿತು.

ಎತ್ತಿಕೊಂಡು ಹೊರಗೆ ಓಡಬೇಕಿತ್ತು ಅನ್ನುತ್ತೀರಿ. ಆದರೆ ಐದನೆಯ ರಾತ್ರಿ ಸೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುವ ತನಕ ಬಾಣಂತಿ ಕೋಣೆ ಬಿಡುವಂತಿಲ್ಲ. ಅಲ್ಲಿ ನೆಲ ಅಗೆದು ಕಂಬ ನಿಲ್ಲಿಸುವಂತೆಯೂ ಇಲ್ಲ. "ಸೆಟಿಗೆವ್ವ ಬಂದು ಖಾಲಿ ಹೊರಸಿನ ಮ್ಯಾಲೆ ಬರೀಬೇಕೇನು?" ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಅತ್ತ ಹೋಗಲಾರದೆ ಇತ್ತ ಇರಲಾರದೆ ಅಂಗಳದಲ್ಲಿ ತಿರುಗುತ್ತಿದ್ದ.

ಆಗ ಕಾಕಾ ಬಂದರು. ಭುಜದ ಮೇಲೆ ಜಾಕ್. ಗಂಡಸರು ಬರುವ ಕೋಣೆಯಲ್ಲ ಅದು, ಆದರೂ ಅವ್ವ ನನ್ನ ಮುಖಕ್ಕೆ ಸೆರಗು ಎಳೆದು ದಾರಿ ಬಿಟ್ಟಳು. ನೆಲದ ಹಾಸುಗಲ್ಲಿನ ಮೇಲೆ ಜಾಕ್ ಇಟ್ಟು, ಹಳೇ ಬಂಡಿಯ ಉದ್ದನೆಯ ಮೂಕಿಮರವನ್ನು ಅದರ ತಲೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಹಿಡಿಕೆ ತಿರುಗಿಸತೊಡಗಿದರು. ಗದ್ದಲವಿಲ್ಲ, ಬಡಿತವಿಲ್ಲ. ಮೂಕಿ ಮೆಲ್ಲಗೆ ಮೇಲೇರಿ ತೊಲೆಗೆ ತಾಗಿತು, ತೊಲೆ ನರಳಿತು, ಆಮೇಲೆ ಎದ್ದಿತು. ಬಿರುಕು ಮುಚ್ಚಿಕೊಂಡದ್ದನ್ನು ನಾನು ಸೆರಗಿನ ಸಂದಿನಿಂದ ನೋಡಿದೆ.

"ಮಲ್ಕೊ ಯವ್ವಾ. ಲಾರಿ ಹೊರೂ ಜಾಕಿಗೆ ನಿಮ್ಮ ಮಾಳಗಿ ಯಾವ ಲೆಕ್ಕ," ಎಂದು ಹೊರಟುಹೋದರು.

ಐದನೆಯ ದಿನದ ಪೂಜೆಯಲ್ಲಿ ಅವ್ವ ನನ್ನ ತಲೆದಿಂಬಿನ ಕೆಳಗಿನ ಕುಡುಗೋಲಿಗೆ ಅರಿಷಿಣ ಕುಂಕುಮ ಹಚ್ಚಿದಳು. ಬಾಣಂತಿಗೆ ಕಬ್ಬಿಣ ಕಾವಲು ಇರಬೇಕಲ್ಲ. ಹಾಗೇ ಜಾಕಿಗೂ ಹಚ್ಚಿದಳು, ಕೈ ಮುಗಿದಳು. ಇನ್ನು ಅದು ಕಾಕಾನ ಜಾಕ್ ಅಲ್ಲ, ಸೆಟಿಗೆವ್ವನ ಕಬ್ಬಿಣ. ತೊಟ್ಟಿಲು ಹಾಕುವ ತನಕ ಹೊಸ್ತಿಲು ದಾಟಬಾರದು.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಕಾಕಾ ಬಾಗಿಲಿಗೆ ಬಂದ ದನಿ ಕೇಳಿಸಿತು.

"ಅಣ್ಣಾ, ಸಾವ್ಕಾರ ಗಂಗಾವತಿಗೆ ಹೋಗು ಅಂದಾರ. ಜಾಕ್ ಒಂದು ದಿನದ ಮಟ್ಟಿಗೆ ಒಯ್ತೀನಿ. ಅದರ ಬದ್ಲಿ ಕಲ್ಲು ಒಟ್ಟಿ ಮೂಕಿ ನಿಂದ್ರಸ್ತೀನಿ, ತೊಲಿ ಅಲುಗಾಂಗಿಲ್ಲ."

ಅವ್ವ ಹೇಳಿದಳು: "ಪೂಜಿ ಆಗೇತಪ್ಪಾ. ಪೂಜಿ ಆದ ಕಬ್ಬಿಣ ಎತ್ತಿದ್ರ ಕೂಸಿಗೆ ಏಳಗಿ ಆಗಾಂಗಿಲ್ಲ. ನಿನ್ನ ಕಾಲು ಬೀಳ್ತೀನಿ."

ಒಳಗೆ ನಾನು ಎಚ್ಚರವಾಗಿಯೇ ಇದ್ದೆ. ಕೊಡಬೇ ಅವ್ವಾ, ಒಂದು ದಿನ ತಾನೇ... ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ತೊಲೆ ನೋಡಿದೆ, ಎದೆಗೆ ಅಂಟಿದ ಕೂಸಿನ ಮೆತ್ತನೆಯ ನೆತ್ತಿ ನೋಡಿದೆ. ಮಾತು ನುಂಗಿದೆ.

ಕಾಕಾ ನಕ್ಕರು. "ಆತು ಬಿಡ್ರಿ ವೈನಿ. ಸೆಟಿಗೆವ್ವಗ ನನಕಿಂತ ಜಾಕಿನ ಗರಜ ಭಾಳ ಐತಿ." ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಲಾರಿ ಕೆಮ್ಮಿ ಹೊರಟ ಸಪ್ಪಳ ಕೇಳಿಸಿತು.

ಕನಕಗಿರಿಯ ಆಚೆ, ಎರೆಭೂಮಿಯ ರಸ್ತೆಯಲ್ಲಿ ಟೈರು ಒಡೆಯಿತಂತೆ. ಬದಲಿ ಗಾಲಿ ಇತ್ತು, ಪಾನಾ ಇತ್ತು, ಎತ್ತುವುದಕ್ಕೆ ಮಾತ್ರ ಏನೂ ಇರಲಿಲ್ಲ. ಅಚ್ಚಿನ ಕೆಳಗೆ ಕಲ್ಲು ಒಟ್ಟಿ, ಒಡೆದ ಗಾಲಿಯ ಕೆಳಗಿನ ಮಣ್ಣು ತೋಡಿ, ಗಾಲಿ ಕಳಚಿದರು. ಹೊಸ ಗಾಲಿ ಕೂರಿಸುವಾಗ ನೆನೆದ ಎರೆಮಣ್ಣಿನಲ್ಲಿ ಕಲ್ಲುಗಳು ಜಾರಿದವು. ಬಲಗೈ ಕೆಳಗಿತ್ತು. ಸಂಜೆ ಯಾರದೋ ಚಕ್ಕಡಿಯಲ್ಲಿ ಅವರನ್ನು ಕರೆತಂದರು. ಕೊಪ್ಪಳದ ದವಾಖಾನೆಯಲ್ಲಿ ಹೆಬ್ಬೆರಳೊಂದು ಬಿಟ್ಟು ಉಳಿದ ಬೆರಳುಗಳನ್ನು ತೆಗೆದರು.

ಸಾವ್ಕಾರರು ಕೇಳಿದ್ದು ಒಂದೇ ಮಾತು: ಜಾಕ್ ಎಲ್ಲಿ? "ದಾರ್ಯಾಗ ಎಲ್ಲೋ ಬಿದ್ದೈತ್ರಿ," ಎಂದರಂತೆ ಕಾಕಾ. ನಮ್ಮ ಮನೆಯ ಹೆಸರು ಹೇಳಿದ್ದರೆ ಆ ಗಳಿಗೆಯಲ್ಲೇ ಆಳುಗಳು ಬಂದು ತೊಲೆಯ ಕೆಳಗಿನಿಂದ ಅದನ್ನು ಎಳೆದೊಯ್ಯುತ್ತಿದ್ದರು. ಕಬ್ಬಿಣಕ್ಕೆ ಬಂಗಾರದ ಬೆಲೆ ಇದ್ದ ಕಾಲ. ಮಾರಿಕೊಂಡು ತಿಂದಿದ್ದಾನೆ ಎಂದು ಸಾವ್ಕಾರರು ಕೆಲಸದಿಂದ ತೆಗೆದರು. ಊರು ಒಂದು ಹೆಸರನ್ನೂ ಇಟ್ಟಿತು: ಜಾಕ್ ತಿಂದಾಂವ.

ತೊಟ್ಟಿಲ ದಿನ ಬಡಿಗೇರ ಬಂದು ಕಂಬ ನಿಲ್ಲಿಸಿದ. ಅಪ್ಪ ಜಾಕನ್ನು ಗೋಣಿತಟ್ಟಿನಲ್ಲಿ ಸುತ್ತಿ ಸಾವ್ಕಾರರ ಮನೆಗೆ ಹೊರಟು ನಿಂತಿದ್ದ, ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕೆಂದು. ಅಷ್ಟರಲ್ಲಿ ಕಾಕಾ ಬಂದರು, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು. ಮೊದಲು ತೊಲೆ ನೋಡಿದರು. ಆಮೇಲೆ ಕೂಸು.

"ಎಲ್ಲಿಗೆ ಹೊಂಟೀ ಅಣ್ಣಾ? ಈಗ ಒಯ್ದು ಕೊಟ್ರ ಇಬ್ಬರೂ ಕೂಡಿ ಕದ್ದಾರ ಅಂತಾರ. ನನ್ನ ಕೈಯಂತೂ ತಿರಿಗಿ ಬರೂದಿಲ್ಲ. ತೊಟ್ಟಲದಾಗ ಕೂಸು ಐತಿ, ನೀ ಜೇಲಿಗೆ ಹೋಗ್ತಿಯೇನು? ಸುಮ್ನಿರು."

ಅಪ್ಪ ಗೋಣಿತಟ್ಟು ಕೆಳಗಿಟ್ಟ. ಆಗ ನನಗೆ ಅಳು ಬಂದಿದ್ದರೆ ಇವತ್ತು ಇಷ್ಟು ಸುಡುತ್ತಿರಲಿಲ್ಲ. ಅಳು ಬರಲಿಲ್ಲ, ನಿರಾಳವಾಯಿತು. ಅಬ್ಬಾ, ಅಪ್ಪ ಉಳಿದ ಎಂದು ಎದೆ ಹಗುರಾಯಿತು. ಆ ಹಗುರವನ್ನೇ ನಾನು ಇಷ್ಟು ವರ್ಷ ಹೊತ್ತಿದ್ದೇನೆ. ಐದನೆಯ ರಾತ್ರಿ ಸೆಟಿಗೆವ್ವ ನನ್ನ ಮಗಳಿಗೆ ಗಟ್ಟಿ ಆಯುಷ್ಯ ಬರೆದಳು, ನಿಜ. ಎದುರು ಮನೆಯವರ ಹಣೆಯ ಮೇಲೆ ಬರೆದದ್ದು ಮಾತ್ರ ನಾವು. ಅಪ್ಪ ಜಾಕನ್ನು ನೆಲದೊಳಗಿನ ಕಾಳಿನ ಹಗೇವಿಗೆ ಇಳಿಸಿ ಅದರ ಬಾಯಿ ಮುಚ್ಚಿದ. ನಾವೂ ನಮ್ಮ ನಮ್ಮ ಬಾಯಿ ಮುಚ್ಚಿಕೊಂಡೆವು.

ಕಾಕಾ ಆಮೇಲೆ ಬಸ್ಸು ನಿಲ್ಲುವ ಜಾಗದಲ್ಲಿ ಇಂಜಿನ್ನುಗಳಿಗೆ ನೀರು ತಂದು ಹಾಕುತ್ತಿದ್ದರು, ಎಡಗೈಯಲ್ಲಿ ಡಬ್ಬಿ ಹಿಡಿದು. "ಏ ಜಾಕ್, ನೀರು ತಾರೋ!" ಎಂದು ಕ್ಲೀನರುಗಳು ಕೂಗುತ್ತಿದ್ದರು. ನಾನು ತವರಿಗೆ ಹೋದಾಗೆಲ್ಲ ಮಗಳ ಕೈಗೆ ಬೆಲ್ಲದ ಚೂರು ಇಟ್ಟು, "ತೊಲಿ ಹೆಂಗೈತಿ ಯವ್ವಾ?" ಎಂದು ಕೇಳುತ್ತಿದ್ದರು. ಗಟ್ಟಿ ಐತಿ ಕಾಕಾ, ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಮಾತು ನಮ್ಮ ನಡುವೆ ಬರಲೇ ಇಲ್ಲ... ಅವರು ತೀರಿಕೊಂಡ ಸುದ್ದಿ ಯಲಬುರ್ಗಾದ ನನ್ನ ಗಂಡನ ಮನೆಗೆ ಮುಟ್ಟಿದಾಗ ಮಣ್ಣು ಮುಗಿದಿತ್ತು. ಅಪ್ಪ ಹೋದ, ಅವ್ವ ಹೋದಳು, ಮನೆ ಮಾರಿದೆವು. ಜಾಕ್ ಈಗಲೂ ಆ ಹಗೇವಿನಲ್ಲೇ ಇರಬೇಕು.

ಹಿಟ್ನಾಳದಲ್ಲಿ ಮೊಮ್ಮಗ ನಟ್ಟುಗಳನ್ನು ಎದುರು ಬದುರು ಬಿಗಿದು, ಜಾಕ್ ಇಳಿಸಿ, ಚೀಲಕ್ಕೆ ತುಂಬಿದ. ಪಕ್ಕದಲ್ಲಿ ಕೂತಿದ್ದ ಮಗಳು ಬಿಳಿಗೂದಲು ಸರಿಮಾಡಿಕೊಳ್ಳುತ್ತ ನಗಾಡಿದಳು.

"ನಮ್ಮವ್ವಗ ಜಾಕಿನ ಹುಚ್ಚು. ಎಲ್ಲಿಗೆ ಹೊಂಟ್ರೂ ಗಾಡ್ಯಾಗ ಜಾಕ್ ಐತೇನು ಅಂತ ಮದ್ಲ ಕೇಳ್ತಾಳ. ಕುಷ್ಟಗಿಯಾಗ ಒಬ್ಬ ಮುದುಕ ಇದ್ನಲ್ಲಬೇ, ನನಗ ಬೆಲ್ಲ ಕೊಡ್ತಿದ್ದ, ಜಾಕ್ ತಿಂದಾಂವ... ಅವನ ಕಡೆ ಕಲ್ತೀ ಏನು?"

"ಅಂವ ತಿಂದಿಲ್ಲವ್ವಾ," ಎಂದೆ. "ಆ ಜಾಕ್ ನಿನ್ನ ಮ್ಯಾಲಿನ ತೊಲಿ ಹೊತ್ಗೊಂಡು ನಿಂತಿತ್ತು."

ಮಗಳ ನಗು ನಿಂತಿತು. ಅಲ್ಲೇ ಗಿಡದ ಕೆಳಗೆ ಅವಳಿಗೆ ಎಲ್ಲ ಹೇಳಿದೆ. ಮೊಮ್ಮಗ ಎರಡು ಸಲ ಹಾರ್ನ್ ಹೊಡೆದ, ನಾವು ಏಳಲಿಲ್ಲ. ಕೇಳಿ ಮುಗಿದ ಮೇಲೆ ಅವಳು ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು, "ಯಾರಿಗೆ ಹೇಳೂದಬೇ ಈಗ?" ಎಂದಳು. ಜಾಕ್ ತಿಂದಾಂವ ಎಂದವರೂ ಇಲ್ಲ, ಅನ್ನಿಸಿಕೊಂಡವರೂ ಇಲ್ಲ. ನಾನು ಎದ್ದು ಗಾಡಿ ಹತ್ತಿದೆ.